ಹುಲ್ಲುಗಾವಲಿಗೆ ತಕ್ಕ ಹಗುರವಾದ ಕೋವಿ



ಬೇಟೆಯ ಕೋವಿಯೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಹುಲಿ, ಕಾಡುಕೋಣ, ಮತ್ತು ಅವುಗಳಿಗೆ ತಕ್ಕ ದೊಡ್ಡ ನಳಿಗೆ. ಈ ದಿನ ನಾವು ಹೇಳಹೊರಟಿರುವುದು ಅದಕ್ಕೆ ತೀರ ಬೇರೆಯಾದ ವಿಷಯ. ಬೆಕ್ಕಿಗಿಂತ ತುಸು ದಪ್ಪನಾದ, ಹುಲ್ಲು ಸೊಪ್ಪು ತಿಂದು ಬದುಕುವ, ಯಾರ ಮೇಲೂ ಎರಗಿ ಬಾರದ ಒಂದು ಪ್ರಾಣಿಯನ್ನು ಹೊಡೆಯಬೇಕಾಗಿ ಬಂದಾಗ ಎಂತಹ ಕೋವಿಯನ್ನು ಆರಿಸಿಕೊಳ್ಳಬೇಕು ಎಂಬುದು ಇಲ್ಲಿಯ ಪ್ರಶ್ನೆ. ಇದೇನು ಮಹಾ ವಿಚಾರ, ಕೈಗೆ ಸಿಕ್ಕಿದ ಯಾವ ಕೋವಿಯಾದರೂ ಸಾಲದೆ ಎಂದು ಕೇಳುವವರುಂಟು. ಹಾಗೆ ತಿಳಿದುಕೊಂಡಿದ್ದವರೊಬ್ಬರ ಅನುಭವವೇ ಈ ಭಾಷಣಕ್ಕೆ ಕಾರಣವಾಯಿತು.

ನಮ್ಮ ಮಿತ್ರರೊಬ್ಬರು ಮೈಸೂರಿನ ಕಡೆಯವರು. ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ರಾಜ್ಯಕ್ಕೆ ಹೋಗಿ ನೆಲೆಸಿ ಬಹುಕಾಲವಾಯಿತು. ಅಲ್ಲಿಯ ಒಂದು ಸಣ್ಣ ಊರಿನ ಅಂಚಿನಲ್ಲಿ ಮೂವತ್ತು ಎಕರೆ ಹುಲ್ಲುಗಾವಲನ್ನು ಕೊಂಡು, ಒಣಹುಲ್ಲು ಬೆಳೆದು ಹಾಲಿನ ವ್ಯವಸಾಯಗಾರರಿಗೆ ಮಾರುತ್ತಾರೆ. ಅವರ ನೆಲವನ್ನು ಗ್ರೌಂಡ್‌ಹಾಗ್ ಎಂಬ ಪ್ರಾಣಿ ತೋಡಿ ತೋಡಿ ಜರಡಿ ಮಾಡಿತ್ತು. ಈ ಹೆಸರಿಗೆ ನೆಲದ ಹಂದಿ ಎಂದು ಅರ್ಥ. ಆದರೆ ಹಂದಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಅಳಿಲಿನ ವಂಶಕ್ಕೆ ಸೇರಿದ್ದು. ಲಡಾಖಿಗೆ ಹೋಗಿಬಂದವರು ಅಲ್ಲಿಯ ಬಯಲುಗಳಲ್ಲಿ ಹಿಂಗಾಲ ಮೇಲೆ ನೆಟ್ಟಗೆ ನಿಂತು ನೋಡುವ ಮಾರ್ಮಟ್ ಎಂಬ ಪ್ರಾಣಿಯನ್ನು ಕಂಡಿರಬಹುದು. ಇದು ಅದರ ದಾಯಾದಿ. ಬೆಳೆದ ಪ್ರಾಣಿ ಎರಡರಿಂದ ಆರು ಕಿಲೋಗ್ರಾಂ ತೂಗುತ್ತದೆ. ಚಳಿಗಾಲವನ್ನೆಲ್ಲ ಬಿಲದೊಳಗೆ ನಿದ್ರೆಯಲ್ಲಿ ಕಳೆದು ಫೆಬ್ರವರಿ ಮಾರ್ಚಿಯ ಸುಮಾರಿಗೆ ಹೊರಬರುತ್ತದೆ. ಇದೇ ಪೆನ್ಸಿಲ್ವೇನಿಯದ ಪಂಕ್ಸಟಾನಿ ಎಂಬ ಊರಿನಲ್ಲಿ 1887ರಿಂದ ಪ್ರತಿವರ್ಷ ಫೆಬ್ರವರಿ 2ನೆಯ ತಾರೀಖು ಜನರು ನೆರೆದು, ಒಂದು ಗ್ರೌಂಡ್‌ಹಾಗನ್ನು ಎತ್ತಿ ಹಿಡಿದು, ಅದು ತನ್ನ ನೆರಳನ್ನು ಕಂಡಿತೋ ಇಲ್ಲವೋ ಎಂಬುದರಿಂದ ಚಳಿ ಇನ್ನೆಷ್ಟು ದಿನವೆಂದು ಶಕುನ ನೋಡುತ್ತಾರೆ. ಚಳಿಗಾಲದಲ್ಲಿ ಜೋಯಿಸನಾದ ಪ್ರಾಣಿ ಬೇಸಗೆಯಲ್ಲಿ ಕಳ್ಳನಾಗುವುದು ಆ ನಾಡಿನ ಒಂದು ವಿನೋದ.

ಕಳ್ಳತನವೇನೋ ನಿಜ. ಕ್ಲೋವರ್, ಆಲ್ಫಾಲ್ಫ ಮುಂತಾದ ಮೇವಿನ ಬೆಳೆಗಳೂ ಸೋಯಾ ಅವರೆಯೂ ತೋಟದ ಹುರುಳಿಯೂ ಇದಕ್ಕೆ ಬಹಳ ಪ್ರಿಯ. ತಿನ್ನುವುದಕ್ಕಿಂತಲೂ ತೋಡುವುದರಿಂದ ಆಗುವ ಕೇಡು ದೊಡ್ಡದು. ಒಂದೊಂದು ಬಿಲಕ್ಕೆ ಮಣ್ಣುಗುಡ್ಡೆಯಿರುವ ಹೆಬ್ಬಾಗಿಲೊಂದು, ಹುಲ್ಲಿನಲ್ಲಿ ಮರೆಯಾಗಿ ಗುಡ್ಡೆಯಿಲ್ಲದ ಕಳ್ಳಬಾಗಿಲುಗಳು ಕೆಲವು. ಹುಲ್ಲು ಕುಯ್ಯುವ ಯಂತ್ರದ ಚಕ್ರ ಅದರಲ್ಲಿ ಇಳಿದರೆ ಇರುಸು ಮುರಿಯುತ್ತದೆ; ಹಸುವಿನ ಕಾಲು ಇಳಿದರೆ ಕಾಲೇ ಮುರಿಯುತ್ತದೆ. ಇಂತಹ ಬೆಳೆಗೇಡಿ ಪ್ರಾಣಿಗಳಿಗೆಲ್ಲ ಅಮೆರಿಕದವರು ಒಟ್ಟಿನಲ್ಲಿ ವಾರ್ಮಿಂಟ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಹುಳುವಿಗಿದ್ದ ಹೆಸರು ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ.

ಮುಂದುವರಿಯುವ ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮಲೆನಾಡಿನ ಗದ್ದೆಯ ಮಾಳದಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಹಂದಿ ಕಾಯುವ ನಮ್ಮ ರೈತರ ಕಷ್ಟವನ್ನು ನಾವು ಬಲ್ಲೆವು. ಆದರೆ ನಮ್ಮ ದೇಶದಲ್ಲಿ ಕಾಡುಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ; ಬೆಳೆ ತಿಂದಿತೆಂದು ಅಪ್ಪಣೆಯಿಲ್ಲದೆ ಈಡು ಹೊಡೆಯುವುದು ಅಪರಾಧ. ಇಲ್ಲಿ ಹೇಳುವುದೆಲ್ಲ ಅಮೆರಿಕದ ಹುಲ್ಲುಗಾವಲಿಗೆ, ಅಲ್ಲಿಯ ಬೇಟೆಯ ಪರವಾನಗಿ ಪಡೆದವರಿಗೆ ಮಾತ್ರ ಸಲ್ಲತಕ್ಕದ್ದು. ಅಲ್ಲಿಗೆ ಕೆಲಸದ ಅಥವಾ ಓದಿನ ವೀಸಾದ ಮೇಲೆ ಹೋಗಿರುವ ನಮ್ಮವರೂ ಒಂದು ಸಂಗತಿಯನ್ನು ತಿಳಿದಿರಬೇಕು. ಇಂತಹ ತಾತ್ಕಾಲಿಕ ವೀಸಾದವರು ಕೋವಿಯನ್ನು ಇಟ್ಟುಕೊಳ್ಳುವುದನ್ನು ಆ ದೇಶದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿಯ ಬೇಟೆಯ ಪರವಾನಗಿ ಕೈಯಲ್ಲಿರುವುದು ಈ ನಿಷೇಧಕ್ಕೆ ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ಗ್ರೌಂಡ್‌ಹಾಗನ್ನು ಎಂದು, ಎಂತಹ ಕೋವಿಯಿಂದ ಹೊಡೆಯಬಹುದೆಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ; ಅದನ್ನು ಆಯಾ ರಾಜ್ಯದ ಬೇಟೆಯ ಇಲಾಖೆಯಲ್ಲಿಯೇ ಕೇಳಿ ತಿಳಿಯತಕ್ಕದ್ದು.

ಇನ್ನು ನಮ್ಮ ಮಿತ್ರರ ಕಥೆ. ಅವರು ಮೊದಲು ಕೊಂಡದ್ದು ಎಲ್ಲರೂ ಮೊದಲು ಕೊಳ್ಳುವ .22 ಲಾಂಗ್ ರೈಫಲ್ ತೋಟೆಯ ಪುಟ್ಟ ಕೋವಿ. ಈ ತೋಟೆ ಹುಟ್ಟಿದ್ದು 1887ರಲ್ಲಿ. ಇದರ ಹಿತ್ತಾಳೆಯ ಚಿಪ್ಪಿನ ಅಂಚಿನೊಳಗೇ ಕೇಪಿನ ಮದ್ದು ತುಂಬಿರುತ್ತದೆ. ಆದುದರಿಂದ ಬಹಳ ಅಗ್ಗ, ಸದ್ದು ಕಡಿಮೆ, ಭುಜಕ್ಕೆ ಒದೆತವೆಂಬುದೇ ಇಲ್ಲ. ಐವತ್ತು ಗಜದಲ್ಲಿ ಅವರ ಗುಂಡುಗಳೆಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದುವು. ಸಂತೋಷದಿಂದ ಗಾವಲಿಗೆ ಹೋದರು. ಸುಮಾರು ನೂರಿಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಪ್ರಾಣಿ ಎದ್ದು ನಿಂತಿತ್ತು. ಗುರಿಯಿಟ್ಟು ಹೊಡೆದರು. ಪೆಟ್ಟು ತಗುಲಿದ ಸದ್ದೂ ಕೇಳಿಸಿತು. ಪ್ರಾಣಿ ಮಾತ್ರ ಹಿಂಗಾಲುಗಳನ್ನು ಎಳೆದುಕೊಂಡು ಬಿಲದೊಳಕ್ಕೆ ಇಳಿದುಹೋಯಿತು. ಮಿತ್ರರು ಬಿಲದ ಬಾಯಲ್ಲಿ ಕತ್ತಲಾಗುವವರೆಗೂ ಕುಳಿತಿದ್ದರಂತೆ. ಒಳಗೆ ಅದು ಎಷ್ಟು ಹೊತ್ತು ಜೀವ ಹಿಡಿದಿತ್ತೋ ಹೇಳುವವರಾರು? ಅದೇ ವಾರ ಮತ್ತೊಂದು ಗುಂಡು ಗುರಿ ತಪ್ಪಿ, ನೆಲಕ್ಕೆ ತಾಕಿ, ಝೇಂಕರಿಸುತ್ತ ಮೇಲೆದ್ದು ನೆರೆಮನೆಯ ಕೊಟ್ಟಿಗೆಯ ದಿಕ್ಕಿಗೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ.

ಇದು ಕೋವಿಯ ದೋಷವಲ್ಲ. ಕೋವಿಗೂ ಕೆಲಸಕ್ಕೂ ಹೊಂದಿಕೆಯಿಲ್ಲದ ದೋಷ. ಈ ತೋಟೆಯ ಗುಂಡು 40 ಗ್ರೇನು ತೂಕದ ಸೀಸ. ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ ಹೊರಡುತ್ತದೆ. ಐವತ್ತು ಗಜಕ್ಕೆ ಸರಿಮಾಡಿದ ಗುರಿಯಲ್ಲಿ ನೂರು ಗಜಕ್ಕೆ ಹೊಡೆದರೆ ಗುಂಡು ಸುಮಾರು ಆರು ಅಂಗುಲ ಕೆಳಗೆ ಬೀಳುತ್ತದೆ. ಗ್ರೌಂಡ್‌ಹಾಗಿನ ಎದೆಯಲ್ಲಿ ಕ್ಷಣದಲ್ಲಿ ಪ್ರಾಣ ಹೋಗುವ ಸ್ಥಾನವಾದರೋ ಮೂರು ಅಂಗುಲದಷ್ಟು ಅಗಲ, ಅಷ್ಟೆ. ದೂರದ ಅಂದಾಜು ಇಪ್ಪತ್ತು ಗಜ ತಪ್ಪಿದರೆ ಗುಂಡು ಹೊಟ್ಟೆಗೋ ಕಾಲಿಗೋ ತಗುಲುವುದು. ಇನ್ನು ನಿಧಾನವಾದ ಸೀಸದ ಗುಂಡು ನೆಲಕ್ಕೆ ತಾಕಿದಾಗ ಒಡೆಯದೆ ಇಡಿಯಾಗಿಯೇ ನೆಗೆಯುತ್ತದೆ. ಈ ಪುಟ್ಟ ಗುಂಡು ಒಂದೂವರೆ ಮೈಲಿಯವರೆಗೂ ಹೋಗಬಲ್ಲದೆಂದು ತೋಟೆಯ ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಿರುವುದುಂಟು. ಸಣ್ಣ ಕೋವಿಯೆಂದರೆ ಅಪಾಯ ಸಣ್ಣದೆಂದು ತಿಳಿಯುವುದು ಬಹು ದೊಡ್ಡ ತಪ್ಪು.

ಮಿತ್ರರು ಹಾಗೆಯೇ ಒಬ್ಬ ಅಂಗಡಿಯವರ ಬಳಿಗೆ ಹೋಗಿ ತಮ್ಮ ಕಷ್ಟ ಹೇಳಿಕೊಂಡರು. ಅಂಗಡಿಯವರು ಗಾವಲು ಎಷ್ಟು ಉದ್ದ, ಸುತ್ತ ಏನಿದೆ ಎಂದು ಒಂದು ಮಾತೂ ಕೇಳದೆ, .22-250 ರೆಮಿಂಗ್ಟನ್ ತೋಟೆಯ ದಪ್ಪ ನಳಿಗೆಯ ರೈಫಲನ್ನು ಮಾರಿದರು. ಅದರ ಮೇಲೆ ಮೊಳದುದ್ದದ ದುರ್ಬೀನು. ಮುಂದೆ ಮಡಿಸುವ ಕಬ್ಬಿಣದ ಕಾಲುಗಳು. ಎಲ್ಲ ಸೇರಿ ಹನ್ನೆರಡು ಪೌಂಡಿಗೂ ಹೆಚ್ಚು ತೂಕ. ಅದರ ಗುಂಡು 55 ಗ್ರೇನಿನದು, ಸೆಕೆಂಡಿಗೆ 3,680 ಅಡಿ ವೇಗ. ಮುನ್ನೂರು ಗಜಕ್ಕೂ ನಿಶ್ಚಿಂತೆಯಾಗಿ ಹೊಡೆಯುವ ಯಂತ್ರ. ನಮ್ಮ ಮಿತ್ರರಿಗೆ ಅರುವತ್ತು ದಾಟಿದೆ. ಗಾವಲು ದಿನ್ನೆಯ ಮೇಲಿದೆ. ಮೇಲೆ ಹತ್ತಿ ಬರುವಷ್ಟರಲ್ಲಿ ಅವರ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಎಷ್ಟು ನಿಖರವಾದ ಕೋವಿಯಾದರೇನು? ಸದ್ದಂತೂ ಊರಿಗೆಲ್ಲ ಕೇಳುವಂಥದು. ಮೂರನೆಯ ದಿನ ನೆರೆಯ ಮನೆಯಾಕೆ ಬಂದು, ಮಗು ಬೆಚ್ಚಿ ಬೀಳುತ್ತದೆಂದು ವಿನಯದಿಂದಲೇ ಹೇಳಿದರಂತೆ. ಕೋವಿ ಪೆಟ್ಟಿಗೆ ಸೇರಿತು. ನಮಗೆ ಕಾಗದ ಬಂದದ್ದು ಆಗ.

ಆ ಬೇಸಗೆಯಲ್ಲಿ ನಾವು ಅಲ್ಲಿಗೆ ಹೋಗಬೇಕಾಗಿದ್ದುದು ಅನುಕೂಲವಾಯಿತು. ಹೋದ ಮರುದಿನ ನಾವು ಮಾಡಿದ ಕೆಲಸ ಇಷ್ಟೆ. ಕೋವಿಯನ್ನು ಮನೆಯಲ್ಲಿಯೇ ಬಿಟ್ಟು, ಒಂದು ಕಾಗದ, ಒಂದು ಪೆನ್ಸಿಲು ಹಿಡಿದು ಗಾವಲನ್ನೆಲ್ಲ ಸುತ್ತಿದೆವು. ಪ್ರತಿ ಬಿಲವನ್ನೂ ಗುರುತು ಹಾಕಿಕೊಂಡೆವು. ಪ್ರತಿ ಬಿಲಕ್ಕೂ, ಅದರ ಹಿಂದೆ ಮಣ್ಣಿನ ಏರಿಯೋ ದಿನ್ನೆಯ ಮೈಯೋ ಅಡ್ಡವಾಗಿ ಬರುವಂತೆ ಎಲ್ಲಿ ಕುಳಿತರೆ ಸಾಧ್ಯವೆಂದು ನೋಡಿ, ಅಲ್ಲಿಂದ ಹೆಜ್ಜೆ ಅಳೆದೆವು. ಪೆನ್ಸಿಲ್ವೇನಿಯದಲ್ಲಿ ಜನವಾಸದ ಕಟ್ಟಡದಿಂದ 150 ಗಜದೊಳಗೆ, ಆ ಮನೆಯವರ ಅಪ್ಪಣೆಯಿಲ್ಲದೆ, ಕೋವಿಯಿಂದ ಬೇಟೆಯಾಡಕೂಡದೆಂಬ ನಿಯಮವಿದೆ. ಆ ಎಲ್ಲೆಯನ್ನೂ ಗೆರೆಯೆಳೆದೆವು. ಸಂಜೆಯ ವೇಳೆಗೆ ಕಾಗದದ ಮೇಲೆ ಸತ್ಯ ಮೂಡಿತ್ತು. ಹನ್ನೊಂದು ಬಿಲಗಳಲ್ಲಿ ಒಂಬತ್ತು ಅರುವತ್ತರಿಂದ ನೂರನಲವತ್ತು ಗಜದೊಳಗೆ ಬರುತ್ತಿದ್ದುವು. ಒಂದು ಮಾತ್ರ ನೂರೆಂಬತ್ತು. ಹನ್ನೊಂದನೆಯದು ಬೇಲಿಯ ಬುಡದಲ್ಲಿ. ಎಲ್ಲಿಂದ ನೋಡಿದರೂ ಅದರ ಬೆನ್ನಿಗೆ ನೆರೆಯವರ ಮನೆ. ಮುನ್ನೂರು ಗಜದ ಈಡು ಆ ಗಾವಲಿನಲ್ಲಿ ಎಲ್ಲಿಯೂ ಇರಲಿಲ್ಲ. ಅಂಗಡಿಯವರು ಮಾರಿದ್ದು ಇಲ್ಲದ ದೂರಕ್ಕೆ.

ಹೀಗೆ ನೆಲವನ್ನು ಅಳೆದ ಮೇಲೆ ತೋಟೆಯ ವಿಚಾರ ಸುಲಭವಾಯಿತು. ಆದರೂ ಹೆಸರುಗಳ ಗೊಂದಲವನ್ನು ಬಿಡಿಸಬೇಕು. ಒಳಮೈಯಲ್ಲಿ ಸುರುಳಿಯಾಗಿ ತೋಡು ಕೊರೆದ ನಳಿಗೆಯುಳ್ಳದ್ದು ರೈಫಲು. ನಮ್ಮೂರಿನ ಚರೆ ಹೊಡೆಯುವ ಕೇಪಿನ ಕೋವಿ, ತೋಟೆ ಕೋವಿಗಳಂತೆ ಒಳಗೆ ನುಣುಪಾಗಿರುವುದಿಲ್ಲ. ನಳಿಗೆಯ ಕಂಡಿಯ ಅಳತೆಯನ್ನು ಅಂಗುಲದ ನೂರರ ಅಥವಾ ಸಾವಿರದ ಭಾಗದಲ್ಲಿ ಹೇಳುವುದು ವಾಡಿಕೆ. ಆದರೆ ಅಮೆರಿಕದ ತೋಟೆಗಳ ಹೆಸರನ್ನು ಅಳತೆಯೆಂದು ನಂಬಿದರೆ ಕೆಟ್ಟೆವು. .218 ಬೀ, .219 ಜಿಪ್ಪರ್, .220 ಸ್ವಿಫ್ಟ್, .221 ಫೈರ್‌ಬಾಲ್, .222 ರೆಮಿಂಗ್ಟನ್, .223 ರೆಮಿಂಗ್ಟನ್, .224 ವೆದರ್‌ಬಿ, .225 ವಿಂಚೆಸ್ಟರ್ ಎಂದು ವರಸೆಯಾಗಿ ಹೆಸರಿಟ್ಟಿದ್ದಾರೆ. ಎಲ್ಲದರ ಗುಂಡಿನ ದಪ್ಪವೂ.224 ಅಂಗುಲವೇ! ಒಂದೇ ಮನೆಯ ಅಣ್ಣತಮ್ಮಂದಿರನ್ನು ಗುರುತಿಸುವುದಕ್ಕೆ ಬೇರೆ ಬೇರೆ ಹೆಸರಿಟ್ಟಂತೆ ಇದು. ವ್ಯತ್ಯಾಸವೆಲ್ಲ ಚಿಪ್ಪಿನ ಆಕಾರದಲ್ಲಿ, ಅದರೊಳಗಿನ ಮದ್ದಿನಲ್ಲಿ. ಹೆಸರು ಹತ್ತಿರವಿದೆಯೆಂದು ಒಂದರ ತೋಟೆಯನ್ನು ಮತ್ತೊಂದರಲ್ಲಿ ಹಾಕುವ ಸಾಹಸವನ್ನು ಮಾತ್ರ ಎಂದಿಗೂ ಮಾಡಬಾರದು. ನಳಿಗೆಯ ಮೇಲೆ ಕೊರೆದಿರುವ ಹೆಸರೂ ಪೆಟ್ಟಿಗೆಯ ಮೇಲಿನ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು.

ಈ ಅಣ್ಣತಮ್ಮಂದಿರಲ್ಲಿ ಮೂವರನ್ನು ನಾವು ವಿಚಾರಿಸಿದೆವು.

ಮೊದಲನೆಯದು .22 ಹಾರ್ನೆಟ್. ಹಾರ್ನೆಟ್ ಎಂದರೆ ಕಣಜ. 1920ರ ದಶಕದ ಕೊನೆಯ ವರ್ಷಗಳಲ್ಲಿ ಸೇನಾಧಿಕಾರಿ ಟೌನ್‌ಸೆಂಡ್ ವೀಲನ್ ಮೊದಲಾದವರು ಸ್ಪ್ರಿಂಗ್‌ಫೀಲ್ಡಿನ ಸರಕಾರಿ ಶಸ್ತ್ರಾಗಾರದಲ್ಲಿ ಕರಿಮದ್ದಿನ ಕಾಲದ ಹಳೆಯ ತೋಟೆಯೊಂದನ್ನು ಹೊಸ ಮದ್ದಿಗೆ ಹೊಂದಿಸಿ ನೋಡಿದರು. 1930ರಲ್ಲಿ ವಿಂಚೆಸ್ಟರ್ ಕಂಪೆನಿ ಅದನ್ನು ಮಾರಾಟಕ್ಕೆ ತಂದಿತು. 45 ಗ್ರೇನಿನ ಗುಂಡು ಈಗ ಸೆಕೆಂಡಿಗೆ ಸುಮಾರು 2,690 ಅಡಿ ವೇಗದಲ್ಲಿ ಹೊರಡುತ್ತದೆ. ಲಾಂಗ್ ರೈಫಲಿನ ಗುಂಡಿಗಿಂತ ತೂಕದಲ್ಲಿ ಐದೇ ಗ್ರೇನು ಹೆಚ್ಚು. ಆದರೆ ವೇಗ ಎರಡು ಮಡಿಗೂ ಹೆಚ್ಚಾದುದರಿಂದ ಪೆಟ್ಟಿನ ಶಕ್ತಿ ಐದೂವರೆ ಮಡಿಯಾಗುತ್ತದೆ. ಶಕ್ತಿಯು ವೇಗದ ವರ್ಗಕ್ಕೆ ಅನುಸಾರವಾಗಿ ಏರುವುದೆಂಬ ಗಣಿತ ಇಲ್ಲಿ ಕಣ್ಣಿಗೆ ಕಾಣುತ್ತದೆ. ಸುಡುವ ಮದ್ದಾದರೋ ಹನ್ನೆರಡು ಗ್ರೇನಿನ ಆಸುಪಾಸು. ಆದುದರಿಂದ ಸದ್ದು ಮಿತ, ನಳಿಗೆಯ ಬಾಳಿಕೆ ಬಹಳ. ನೂರೈವತ್ತು ಗಜದವರೆಗೆ ನಂಬಬಹುದು. ಗಾಳಿಯಿಲ್ಲದ ದಿನ, ಕೈ ಪಳಗಿದವರಿಗೆ ಇನ್ನೂ ಸ್ವಲ್ಪ.

ಎರಡನೆಯದು .223 ರೆಮಿಂಗ್ಟನ್. 1964ರಲ್ಲಿ ಮಾರುಕಟ್ಟೆಗೆ ಬಂದದ್ದು. ಅಮೆರಿಕದ ಸೈನ್ಯದ ಎಂ-16 ಕೋವಿಗಾಗಿ ರೂಪಗೊಂಡ ತೋಟೆಯ ಒಡಹುಟ್ಟು. 55 ಗ್ರೇನಿನ ಗುಂಡಿಗೆ 3,240 ಅಡಿ ವೇಗ. ಇನ್ನೂರೈವತ್ತು ಗಜಕ್ಕೆ ಧಾರಾಳವಾಗಿ ಸಾಕು. ಸೈನ್ಯದ ನಂಟಿನಿಂದ ತೋಟೆ ಎಲ್ಲ ಕಡೆಯಲ್ಲಿಯೂ ಸಿಕ್ಕುತ್ತದೆ. ಹಾರ್ನೆಟ್ಟಿಗಿಂತ ದೊಡ್ಡದಾದರೂ ಬೆಲೆ ಅದಕ್ಕಿಂತ ಕಡಿಮೆ. ಸೈನ್ಯದ 5.56 ಗುರುತಿನ ತೋಟೆ ಹೊರಗಿನಿಂದ ಒಂದೇ ತೆರನಾಗಿ ಕಂಡರೂ ಅದರ ಒತ್ತಡ ಹೆಚ್ಚು; .223 ಎಂದು ಮಾತ್ರ ಕೊರೆದಿರುವ ಕೋವಿಯಲ್ಲಿ ಅದನ್ನು ಹಾಕಬಾರದು.

ಮೂರನೆಯದು 1950ರ .222 ರೆಮಿಂಗ್ಟನ್. ನಿಖರತೆಯಲ್ಲಿ ಬಹುಕಾಲ ಹೆಸರು ಮಾಡಿದ್ದು. ಸ್ವಭಾವದಲ್ಲಿ .223ಕ್ಕಿಂತ ತುಸು ಸೌಮ್ಯ. ಆದರೆ ಆ ತಮ್ಮನು ಬಂದ ಮೇಲೆ ಅಣ್ಣನನ್ನು ಕೇಳುವವರು ಕಡಿಮೆಯಾದರು. ಹಳೆಯ ಒಳ್ಳೆಯ ಕೋವಿಯೊಂದು ಸಿಕ್ಕಿದರೆ ಬಿಡಬಾರದು; ಹೊಸದಾಗಿ ಹುಡುಕಿಕೊಂಡು ಹೋಗಬೇಕಾದುದೂ ಇಲ್ಲ.

ವೇಗವೇ ಗುಣವಾದರೆ ಅತಿ ವೇಗದ್ದನ್ನೇ ಏಕೆ ಕೊಳ್ಳಬಾರದು ಎಂಬ ಪ್ರಶ್ನೆಗೆ .220 ಸ್ವಿಫ್ಟ್ ತೋಟೆಯ ಚರಿತ್ರೆಯೇ ಉತ್ತರ. 1935ರಲ್ಲಿ ವಿಂಚೆಸ್ಟರ್ ಕಂಪೆನಿ ಹೊರತಂದ ಇದರ 48 ಗ್ರೇನಿನ ಗುಂಡು ಸೆಕೆಂಡಿಗೆ 4,110 ಅಡಿ ಹೋಗುತ್ತಿತ್ತು. ಆ ಕಾಲಕ್ಕೆ ಇದೊಂದು ಸೋಜಿಗ. ಆದರೆ ಅಷ್ಟೊಂದು ಮದ್ದಿನ ಉರಿ ಅಷ್ಟು ಕಿರಿದಾದ ಕಂಡಿಯಲ್ಲಿ ನುಗ್ಗುವಾಗ ನಳಿಗೆಯ ಬುಡದ ತೋಡುಗಳು ಬೇಗ ಸವೆಯುತ್ತವೆಂಬ ಅಪಕೀರ್ತಿ ಅದಕ್ಕೆ ಅಂಟಿಕೊಂಡಿತು. ಇನ್ನೊಂದು ಕೊನೆಯಲ್ಲಿ 2002ರಲ್ಲಿ ಬಂದ .17 ಎಚ್‌ಎಂಆರ್ ಎಂಬ ಕೀಟದಂತಹ ತೋಟೆಯಿದೆ. 17 ಗ್ರೇನಿನ ಗುಂಡು, 2,550 ಅಡಿ ವೇಗ, ಸಣ್ಣ ಸದ್ದು. ನೂರು ಗಜದೊಳಗೆ ಮುದ್ದಾದ ಕೆಲಸ ಮಾಡುತ್ತದೆ. ಅದರಿಂದಾಚೆಗೆ ಗಾಳಿ ಅದನ್ನು ಹೊಟ್ಟಿನಂತೆ ತಳ್ಳುತ್ತದೆ. ಆರು ಕಿಲೋಗ್ರಾಮಿನ ಹಳೆಯ ಗ್ರೌಂಡ್‌ಹಾಗಿಗೆ ಅದರ ಪೆಟ್ಟು ಸಾಲದೆಂದೇ ನಮ್ಮ ಅಭಿಪ್ರಾಯ.

ವೇಗವುಳ್ಳ ತೋಟೆಗಳಿಂದ ಮತ್ತೊಂದು ಲಾಭವುಂಟು. ತೆಳುವಾದ ತಾಮ್ರದ ಕವಚದೊಳಗೆ ಮೃದುವಾದ ತಿರುಳಿರುವ ಬೆಳೆಗೇಡಿಯ ಗುಂಡು ವೇಗವಾಗಿ ಬಂದು ನೆಲಕ್ಕೆ ತಾಕಿದರೆ ಸಾಮಾನ್ಯವಾಗಿ ಪುಡಿಯಾಗುತ್ತದೆ. ಲಾಂಗ್ ರೈಫಲಿನ ಗುಂಡಿನಂತೆ ನೆಗೆಯುವುದಿಲ್ಲ. ಸಾಮಾನ್ಯವಾಗಿ ಎಂದೆವು. ಕಲ್ಲು ನೆಲ, ಓರೆಯಾದ ಪೆಟ್ಟು, ಗಟ್ಟಿ ಕವಚ ಇವು ಕೂಡಿದರೆ ಯಾವ ಗುಂಡಾದರೂ ನೆಗೆಯಬಹುದು. ಬೆನ್ನಿಗೆ ಮಣ್ಣಿಲ್ಲದ ಕಡೆ ಯಾವ ತೋಟೆಯಿಂದಲೂ ಹೊಡೆಯಕೂಡದು.

ಇನ್ನು ತೂಕದ ಮಾತು. ಭಾರವಾದ ಕೋವಿ ಅಲುಗದೆ ನಿಲ್ಲುತ್ತದೆ. ದಪ್ಪ ನಳಿಗೆ ಬೇಗ ಕಾಯುವುದಿಲ್ಲ. ದಕ್ಷಿಣ ಡಕೋಟ ಮುಂತಾದ ಪಶ್ಚಿಮದ ಬಯಲುಗಳಲ್ಲಿ ಪ್ರೇರಿ ಡಾಗ್ ಎಂಬ ಒಂದು ಕಿಲೋಗ್ರಾಮಿನ ಪ್ರಾಣಿಗಳು ಊರು ಕಟ್ಟಿದಂತೆ ಗುಂಪಾಗಿ ಬಿಲ ಮಾಡಿಕೊಂಡಿರುತ್ತವೆ. ಅಲ್ಲಿ ಈಡುಗಾರರು ಮೇಜು ಹಾಕಿಕೊಂಡು ಕುಳಿತು ದಿನಕ್ಕೆ ನೂರಾರು ತೋಟೆ ಸುಡುವುದುಂಟು. ಅವರಿಗೆ ಭಾರವಾದ ಕೋವಿ ತಕ್ಕದ್ದು. (ಆ ಬೇಟೆ ನಮ್ಮ ಮನಸ್ಸಿಗೆ ಅಷ್ಟಾಗಿ ಹಿಡಿಸದು. ಪ್ರೇರಿ ಡಾಗನ್ನೇ ತಿಂದು ಬದುಕುವ ಕರಿಗಾಲಿನ ಫೆರೆಟ್ ಎಂಬ ಪ್ರಾಣಿ, ಆಹಾರವೂ ನೆಲೆಯೂ ತಪ್ಪಿ, ರೋಗಕ್ಕೂ ಸಿಕ್ಕಿ, ಅಳಿದೇಹೋಯಿತೆಂದು ಜನರು ಕೈಬಿಟ್ಟಿದ್ದರು. 1981ರಲ್ಲಿ ವಯೋಮಿಂಗ್ ರಾಜ್ಯದ ಮೀಟೀಟ್ಸಿಯ ಬಳಿ ಮತ್ತೆ ಸಿಕ್ಕಿತು. ಒಬ್ಬರ ಬೆಳೆಗೇಡಿ ಮತ್ತೊಬ್ಬರ ಅನ್ನವಾಗಿರುವುದನ್ನು ಅದು ತೋರಿಸಿತು.) ಗ್ರೌಂಡ್‌ಹಾಗಿನ ಬೇಟೆ ಹಾಗಲ್ಲ. ಒಂದು ಬೆಳಗ್ಗೆ ಒಂದು ಮೈಲಿ ನಡೆದರೆ ಎರಡು ಈಡು, ಹೆಚ್ಚೆಂದರೆ ಮೂರು. ನಳಿಗೆ ಕಾಯುವ ಸಂಭವವೇ ಇಲ್ಲ. ಹೊತ್ತು ನಡೆಯುವುದೇ ಮುಖ್ಯವಾದ ಕಡೆ ಆರು ಪೌಂಡಿನ ಕೋವಿಯೇ ಮೇಲು. ದುರ್ಬೀನು ಸೇರಿ ಏಳನ್ನು ಮೀರಬಾರದು. ದೊಡ್ಡ ತೋಟೆಯ ಹಗುರ ಕೋವಿ ಭುಜವನ್ನು ಒದೆಯುತ್ತದೆಂಬ ಭಯವೂ ಇಲ್ಲಿಲ್ಲ. ಹಾರ್ನೆಟ್ಟಿನ ಒದೆತ ಎಷ್ಟು ಕಡಿಮೆಯೆಂದರೆ, ಗುಂಡು ತಗುಲಿದ ಜಾಗವನ್ನು ಹೊಡೆದವನೇ ದುರ್ಬೀನಿನಲ್ಲಿ ನೋಡಬಹುದು.

ಆದರೆ ಹಗುರ ಕೋವಿಗೆ ಅದರದೇ ಆದ ಸ್ವಭಾವವಿದೆ. ಅದನ್ನು ತಿಳಿಯದವರು ಒಳ್ಳೆಯ ಕೋವಿಯನ್ನು ಕೆಟ್ಟದ್ದೆಂದು ಹಿಂದಿರುಗಿಸುತ್ತಾರೆ. ಅಂಗಡಿಯಿಂದ ತಂದ ದಿನ ಸಾಲಾಗಿ ಹತ್ತು ತೋಟೆ ಹೊಡೆದು ನೋಡಿದರೆ, ಮೊದಲ ಮೂರು ಒಟ್ಟಿಗೆ ಬಿದ್ದು, ಉಳಿದುವು ಒಂದೊಂದಾಗಿ ದೂರ ಸರಿಯುವುದು. ತೆಳು ನಳಿಗೆ ಕಾದು ಬಾಗುವುದೇ ಇದಕ್ಕೆ ಕಾರಣ. ಕಾದ ನಳಿಗೆಯ ಮೇಲೆ ಬಿಸಿಗಾಳಿ ಎದ್ದು ದುರ್ಬೀನಿನಲ್ಲಿ ಗುರಿಯೂ ಕುಣಿಯುತ್ತದೆ. ನಾವು ಮಾಡಿದ ಪರೀಕ್ಷೆ ಬೇರೆ. ಐದು ಬೆಳಗ್ಗೆ, ದಿನಕ್ಕೆ ಒಂದೇ ತೋಟೆ, ತಣ್ಣಗಿರುವ ನಳಿಗೆಯಿಂದ, ಅದೇ ಕಾಗದಕ್ಕೆ, ನೂರು ಗಜದಿಂದ. ಐದು ದಿನದ ಐದು ತೂತುಗಳು ಒಂದೂಕಾಲು ಅಂಗುಲದೊಳಗೆ ಸೇರಿದ್ದುವು. ಪ್ರಾಣಿಯ ಮೇಲೆ ಹೊಡೆಯುವುದು ಯಾವಾಗಲೂ ತಣ್ಣನೆಯ ನಳಿಗೆಯ ಮೊದಲ ಈಡೇ ಆದುದರಿಂದ ನಮಗೆ ಬೇಕಾದ ಲೆಕ್ಕ ಅದೊಂದೇ. ನೂರು ಗಜಕ್ಕೆ ಒಂದೂಕಾಲಾದರೆ ನೂರೈವತ್ತಕ್ಕೆ ಎರಡು ಅಂಗುಲ. ಮೂರು ಅಂಗುಲದ ಸ್ಥಾನಕ್ಕೆ ಇದು ಸಾಕು.

ಟ್ರಿಗರಿನ ಬಿಗಿಯನ್ನೂ ನೋಡಬೇಕು. ಆರು ಪೌಂಡಿನ ಕೋವಿಗೆ ಆರು ಪೌಂಡಿನ ಎಳೆತದ ಟ್ರಿಗರಿದ್ದರೆ ಬೆರಳು ಟ್ರಿಗರನ್ನು ಎಳೆಯುವ ಬದಲು ಕೋವಿಯನ್ನೇ ಎಳೆಯುತ್ತದೆ. ಎರಡೂವರೆ ಮೂರು ಪೌಂಡಿನ, ನಡುವೆ ತೊಡಕಿಲ್ಲದ ಎಳೆತವಿರಲಿ. ದುರ್ಬೀನಿನಲ್ಲಿ ಅತಿಯಾಸೆ ಬೇಡ. ಆರೇಳು ಮಡಿ ದೊಡ್ಡದಾಗಿ ತೋರಿಸಿದರೆ ಧಾರಾಳವಾಯಿತು. ಇಪ್ಪತ್ತು ಮಡಿಯದರಲ್ಲಿ ಪ್ರಾಣಿಗಿಂತ ಮೊದಲು ನಮ್ಮ ಎದೆಬಡಿತವೇ ಕಾಣಿಸುವುದು. ಕೋವಿಗೆ ಕಬ್ಬಿಣದ ಕಾಲು ಕಟ್ಟುವ ಬದಲು ಎರಡು ಕೋಲುಗಳನ್ನು ಮೇಲ್ತುದಿಯಲ್ಲಿ ತೊಗಲಿನ ಪಟ್ಟಿಯಿಂದ ಬಿಗಿದು, ಕತ್ತರಿಯಂತೆ ನೆಲಕ್ಕೂರಿ, ಕುಳಿತು ಹೊಡೆದರೆ ಹಗುರ ಕೋವಿಯೂ ಬಂಡೆಯಂತೆ ನಿಲ್ಲುತ್ತದೆ.

ತೋಡಿನ ಸುತ್ತಿನ ವಿಚಾರವನ್ನು ಬಿಟ್ಟರೆ ಮಾತು ಅರ್ಧವಾದೀತು. ಗುಂಡು ಬುಗುರಿಯಂತೆ ತಿರುಗಿದರೇ ನೆಟ್ಟಗೆ ಹೋಗುವುದು. ಗುಂಡು ಉದ್ದವಾದಷ್ಟೂ ಸುತ್ತು ಬಿರುಸಾಗಿರಬೇಕು. ಹಾರ್ನೆಟ್ಟಿಗೆ ಹದಿನಾರು ಅಂಗುಲಕ್ಕೆ ಒಂದು ಸುತ್ತು ಎಂಬುದು ಹಿಂದಿನಿಂದ ಬಂದ ಪದ್ಧತಿ; .223 ಕೋವಿಗಳಲ್ಲಿ ಹನ್ನೆರಡು, ಒಂಬತ್ತು, ಏಳು ಅಂಗುಲದವೂ ಇವೆ. ಇದು ಈಗ ಮುಖ್ಯವಾಗಲು ಒಂದು ಕಾರಣವುಂಟು. ಹೊಡೆದು ಬಿಟ್ಟ ಪ್ರಾಣಿಯ ಮೈಯಲ್ಲಿ ಚೂರಾದ ಸೀಸ ಉಳಿಯುತ್ತದೆ; ಅದನ್ನು ತಿಂದ ಹದ್ದು ರಣಹದ್ದುಗಳು ಸೀಸದ ನಂಜಿನಿಂದ ಸಾಯುತ್ತವೆ. ಕ್ಯಾಲಿಫೋರ್ನಿಯ ರಾಜ್ಯವು 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿತು. ಸೀಸಕ್ಕೆ ಬದಲಾಗಿ ಬರುವುದು ತಾಮ್ರದ ಗುಂಡು. ತಾಮ್ರ ಸೀಸಕ್ಕಿಂತ ಹಗುರವಾದುದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ನಿಧಾನ ಸುತ್ತಿನ ಹಾರ್ನೆಟ್ಟಿನಲ್ಲಿ ತಾಮ್ರದ್ದಾದರೆ ಹಗುರವಾದ ಗಿಡ್ಡ ಗುಂಡನ್ನೇ ಆರಿಸಬೇಕು. ಈ ಒಂದು ವಿಷಯದಲ್ಲಿ ಒಂಬತ್ತು ಅಂಗುಲದ ಸುತ್ತಿನ .223ಕ್ಕೆ ಅನುಕೂಲ ಹೆಚ್ಚೆಂದು ನಾವು ಒಪ್ಪುತ್ತೇವೆ. ನೆರೆಮನೆ ದೂರವಿದ್ದು, ಗಾವಲು ಇನ್ನೂರು ಗಜಕ್ಕೆ ಹರಡಿದ್ದರೆ, ಆರು ಪೌಂಡಿನ .223ನ್ನೇ ಹೇಳುತ್ತಿದ್ದೆವು. ನಮ್ಮ ಮಿತ್ರರ ಗಾವಲಿಗೆ, ನೆರೆಯ ಮಗುವಿಗೆ, ಅವರ ವಯಸ್ಸಿಗೆ ಹಾರ್ನೆಟ್ಟೇ ಸರಿಯೆಂದು ತೀರ್ಮಾನವಾಯಿತು. ದಪ್ಪ ಕೋವಿಯನ್ನು ಮಾರಿ ಹಳೆಯದೊಂದು ಹಾರ್ನೆಟ್ಟನ್ನು ಕೊಂಡರು. ಕೊಳ್ಳುವ ಮೊದಲು ನಳಿಗೆಯೊಳಗೆ ಬೆಳಕು ಬಿಟ್ಟು ತೋಡುಗಳ ಅಂಚು ಮಾಸಿಲ್ಲವೆಂದು ನೋಡಿದೆವು.

ಅಲ್ಲಿಯ ಹಳೆಯ ವ್ಯವಸಾಯಗಾರರೊಬ್ಬರು ಕಾಲದ ವಿಚಾರದಲ್ಲಿ ಒಂದು ಮಾತು ಹೇಳಿದರು. ಏಪ್ರಿಲ್ ಮೇ ತಿಂಗಳಿನಲ್ಲಿ ಮರಿಗಳು ಬಿಲದೊಳಗೆ ಹಾಲು ಕುಡಿಯುತ್ತಿರುತ್ತವೆ; ಆಗ ತಾಯಿಯನ್ನು ಹೊಡೆದರೆ ಮರಿಗಳು ಒಳಗೇ ಹಸಿದು ಸಾಯುವುವು. ಅವರು ಮೊದಲ ಕುಯ್ಲು ಮುಗಿದು, ಜೂನ್ ನಡುವಿನಲ್ಲಿ ಮರಿಗಳು ತಾವಾಗಿ ಮೇಯಲು ಹೊರಬಂದ ಮೇಲೆಯೇ ಕೋವಿ ತೆಗೆಯುತ್ತಿದ್ದರಂತೆ. ಆಗ ಹುಲ್ಲು ಗಿಡ್ಡವಾಗಿರುವುದರಿಂದ ಪ್ರಾಣಿಯೂ ಅದರ ಹಿಂದಿನ ನೆಲವೂ ಚೆನ್ನಾಗಿ ಕಾಣುತ್ತವೆ.

ಮಿತ್ರರ ಮುಂದಿನ ಕಾಗದ ಆಗಸ್ಟಿನಲ್ಲಿ ಬಂದಿತು. ಆರು ಈಡು ಹೊಡೆದಿದ್ದರು. ಐದು ಪ್ರಾಣಿಗಳು ನಿಂತಲ್ಲೇ ಉರುಳಿದ್ದುವು, ಒಂದು ಈಡು ಮೇಲೆ ಹಾರಿ ಮಣ್ಣಿಗೆ ಬಿದ್ದಿತ್ತು. ಬಿಲ ಸೇರಿಕೊಂಡ ಗಾಯದ ಪ್ರಾಣಿ ಒಂದೂ ಇಲ್ಲ. ನೂರೆಂಬತ್ತು ಗಜದ ಬಿಲದ ಬಳಿಗೆ ಬೇಲಿಯ ನೆರಳಿನಲ್ಲಿ ತೆವಳಿಕೊಂಡು ನಲವತ್ತು ಗಜ ಹತ್ತಿರ ಹೋಗುವ ಉಪಾಯವನ್ನು ಕಂಡುಕೊಂಡಿದ್ದರು. ಮನೆಯ ದಿಕ್ಕಿನ ಆ ಹನ್ನೊಂದನೆಯ ಬಿಲಕ್ಕೆ ಮಾತ್ರ ಕೋವಿಯನ್ನು ತೋರಿಸಿಲ್ಲ. ಸೇಬಿನ ಹೋಳಿಟ್ಟು ಒಂದು ಬೋನನ್ನು ಹೂಡಿದ್ದಾರಂತೆ. ಮೂರು ವಾರವಾದರೂ ಪ್ರಾಣಿ ಅದರೊಳಗೆ ಬಿದ್ದಿಲ್ಲ, ಸೇಬು ಮಾತ್ರ ದಿನವೂ ಮಾಯವಾಗುತ್ತಿದೆ ಎಂದು ಬರೆದಿದ್ದರು.